ಆಮೇಲೆ ಹಾಕಿದ ಮಹಡಿ

ಅಲ್ ಸದ್ದ್, ದೋಹಾ
೧೪ ಸೆಪ್ಟೆಂಬರ್ ೨೦೦೬

ಬರ್ನಡೆಟ್,

ಲಕೋಟೆಯ ಹಿಂದಿನ ಹೆಸರು ನೋಡಿಯೂ ನೀನು ಇದನ್ನು ಒಡೆದಿದ್ದರೆ ನನ್ನ ಅರ್ಧ ಕೆಲಸ ಆದಂತೆ. ವಿಳಾಸ ಕೊಟ್ಟವಳು ನಮ್ಮ ಪಾಲಿಟೆಕ್ನಿಕ್‌ನ ಚೆನ್ನು. ನೀನು ಪಾಂಡಿಚೇರಿಯಲ್ಲಿ ಫ್ರೆಂಚರ ಕಾಲದ ಮನೆಗಳನ್ನು ದುರಸ್ತಿ ಮಾಡುವ ಕಚೇರಿಯಲ್ಲಿದ್ದೀಯೆ, ಫ್ರೆಂಚ್ ಚೆನ್ನಾಗಿ ಓದುತ್ತೀಯೆ ಎಂದಳು. ಹನ್ನೆರಡು ವರ್ಷದ ಮೇಲೆ ಬರೆಯುತ್ತಿರುವುದು ಕೆಲಸಕ್ಕಾಗಿಯೇ. ಬೇರೆ ನೆಪ ಹೂಡುವುದಿಲ್ಲ.

ನಾನು ಇಲ್ಲಿ ಅದೇ ಆಫೀಸಿನಲ್ಲಿದ್ದೇನೆ, ಡ್ರಾಫ್ಟ್ಸ್‌ಮನ್ ಆಗಿಯೇ. ಈ ಬೇಸಿಗೆಯಲ್ಲಿ ಒಂದು ವಿಚಿತ್ರ ಕೆಲಸ ಬಂದಿದೆ. ಇಲ್ಲಿನ ಒಬ್ಬ ಹಿರಿಯ ಹೆಂಗಸು, ಹಜ್ ಮಾಡಿ ಬಂದವರೆಂದು ಎಲ್ಲರೂ ಹಜ್ಜಿಯಾ ಎನ್ನುತ್ತಾರೆ, ಗಂಡ ಬದುಕಿದ್ದಾಗ ಫ್ರಾನ್ಸಿನ ಪಶ್ಚಿಮದಲ್ಲಿ ಕೆರ್ವೊಯೆಲ್ ಎಂಬ ಹಳೆಯ ಜಮೀನ್ದಾರಿ ಮನೆಯೊಂದನ್ನು ಇಟ್ಟುಕೊಂಡಿದ್ದರು. ಆಮೇಲೆ ಮಾರಿಬಿಟ್ಟರು. ಈಗ ವಯಸ್ಸಾಗಿ ಪ್ರಯಾಣ ಆಗದು. ಅದೇ ಮನೆಯನ್ನು ಲುಸೈಲ್ ಕಡೆ, ಸಮುದ್ರಕ್ಕೆ ಮರಳು ತುಂಬಿ ಸಮ ಮಾಡುತ್ತಿರುವ ಜಾಗದಲ್ಲಿ ಕಟ್ಟಿಸಬೇಕು ಎಂದಿದ್ದಾರೆ. ಕಲ್ಲಿಗೆ ಕಲ್ಲು, ಕಿಟಕಿಗೆ ಕಿಟಕಿ. ಮನೆ ಮೊದಲು ಹೇಗಿತ್ತು ಎಂದು ಹೇಳುವ ಒಂದು ಪುಸ್ತಕವೂ ಆಗಬೇಕಂತೆ, ಬಂದವರಿಗೆ ಕೊಡಲು.

ನಮ್ಮ ಮುಖ್ಯಸ್ಥರು ಧನಂಜಯ ಅವರು, ಬೆಂಗಳೂರಿನವರು. ಈಗಿನ ಫೋಟೋಗಳನ್ನು ನೋಡಿ ಎರಡು ಮಹಡಿಯ ನಕ್ಷೆ ಹಾಕಿ, 'ಹದಿನೈದನೆಯ ಶತಮಾನದ ಮೂಲ ರೂಪ' ಎಂದು ತಲೆಬರಹ ಕೊಟ್ಟಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಕೆಳಗಿನ ಪಡಸಾಲೆಯಲ್ಲಿ ಚಳಿ ಕಾಯಿಸುವ ದೊಡ್ಡ ಒಲೆಯಿದೆ. ಅದರ ಹೊಗೆಗೂಡು ಮೇಲಿನ ಕೋಣೆಯ ನೆಲವನ್ನು ಸೀಳಿಕೊಂಡು ಎದ್ದು ನಿಂತಿದೆ. ಕಲ್ಲಿನ ಶಿಲುಬೆಯಂತಿರುವ ಎತ್ತರದ ಕಿಟಕಿಯನ್ನು ನಡುವೆ ಮಹಡಿ ಕತ್ತರಿಸಿದೆ. ಸುರುಳಿ ಮೆಟ್ಟಿಲಿನ ಗೋಪುರದಿಂದ ಮೇಲಿನ ಕೋಣೆಗೆ ಹೋಗುವ ಬಾಗಿಲು ಎರಡು ಮೆಟ್ಟಿಲುಗಳ ಮಧ್ಯೆ ಬಂದಿದೆ. ಯಾವ ಮೇಸ್ತ್ರಿಯೂ ಮೊದಲೇ ಹಾಗೆ ಕಟ್ಟುವುದಿಲ್ಲ.

೧೯೩೧ರಲ್ಲಿ ಯಾರೋ ಫ್ರೆಂಚ್ ಅಧಿಕಾರಿ ಬರೆದ ವರದಿ ಫೈಲಿನಲ್ಲಿದೆ, ಕೈಬರಹ, ಇಪ್ಪತ್ತೆರಡು ಪುಟ. ಇಲ್ಲಿ ಓದಬಲ್ಲವರಿಲ್ಲ. ಜೆರಾಕ್ಸ್ ಇಟ್ಟಿದ್ದೇನೆ. ಓದಿ ಕನ್ನಡದಲ್ಲಿ ಬರೆದು ಕಳುಹಿಸುತ್ತೀಯಾ? ಇಮೇಲ್ ಇದ್ದರೆ ತಿಳಿಸು.

ವತ್ಸಲಾ


ಪಾಂಡಿಚೇರಿ
೩ ಅಕ್ಟೋಬರ್ ೨೦೦೬

ವತ್ಸಲಾ,

ನಾಲ್ಕು ಪುಟ ಬರೆದಿದ್ದೀಯೆ. ಒಲೆ, ಕಿಟಕಿ, ಮೆಟ್ಟಿಲು, ಎಲ್ಲ ಇದೆ. ಬರೆಯಬೇಕಾದ ಒಂದು ಸಾಲು ಇಲ್ಲ. ಅದು ಯಾವುದು ಎಂದು ನಿನಗೆ ಗೊತ್ತು.

ಅದನ್ನು ಬರೆದ ಮೇಲೆ ಜೆರಾಕ್ಸ್ ಬಿಚ್ಚುತ್ತೇನೆ. ಅಲ್ಲಿಯವರೆಗೆ ಅದು ನನ್ನ ಮೇಜಿನ ಮೇಲೆ ಹಾಗೆಯೇ ಇರುತ್ತದೆ.

ಇಮೇಲ್ ಬೇಡ. ಕೈಯಲ್ಲಿ ಬರೆ. ಅಳಿಸಿದರೆ ಅಳಿಸಿದ್ದು ಕಾಣಬೇಕು.

ಬರ್ನಡೆಟ್ ಮೊಂತೇರೊ


ದೋಹಾ
೧೪ ಅಕ್ಟೋಬರ್ ೨೦೦೬

ಬರ್ನಡೆಟ್,

ಬರೆಯುತ್ತೇನೆ. ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

೧೯೯೪ರಲ್ಲಿ ಮೈಸೂರಿನ ಆಫೀಸಿನಲ್ಲಿ ನಾವಿಬ್ಬರೂ ಇದ್ದಾಗ, ಒಂಟಿಕೊಪ್ಪಲಿನ ಆ ಹಳೆಯ ಬಂಗಲೆಯ ಛಾವಣಿಯನ್ನು ಅಳೆದವಳು ನೀನು. ಮೂರು ತಿಂಗಳು ಬಾವಲಿಗಳ ನಡುವೆ ಹತ್ತಿ ಇಳಿದು ಬರೆದ ಹನ್ನೊಂದು ಹಾಳೆ. ನನ್ನ ಕೆಲಸ ತಲೆಬರಹ ತುಂಬುವುದು ಮಾತ್ರ. ಬೊಂಬಾಯಿಯಲ್ಲಿ ಈ ಕಂಪನಿಯ ಇಂಟರ್‌ವ್ಯೂ ಇತ್ತು. ತೋರಿಸಲು ನನ್ನ ಹತ್ತಿರ ಅಂಥದ್ದು ಏನೂ ಇರಲಿಲ್ಲ. ಒಂದು ಭಾನುವಾರ ಆಫೀಸಿಗೆ ಹೋಗಿ, ಅರ್ಧ ಬ್ಲೇಡು ತೆಗೆದುಕೊಂಡು, ಹನ್ನೊಂದು ಟ್ರೇಸಿಂಗ್ ಹಾಳೆಗಳಿಂದಲೂ 'ಬಿ. ಮೊಂತೇರೊ' ಎಂಬ ಶಾಯಿಯನ್ನು ಕೆರೆದೆ. ಉಗುರಿನಿಂದ ಹಾಳೆಯನ್ನು ನಯ ಮಾಡಿ ನನ್ನ ಹೆಸರು ಬರೆದೆ. ಅದನ್ನು ತೋರಿಸಿ ಇಲ್ಲಿಗೆ ಬಂದೆ. ಬರುವ ಹಿಂದಿನ ದಿನ ನಿನ್ನ ಜೊತೆ ಮಸಾಲೆ ದೋಸೆ ತಿಂದೆ.

ನನಗೆ ಆಗ ಕಷ್ಟವಿತ್ತು ಎಂದು ಬರೆಯುವುದಿಲ್ಲ. ನಿನಗೂ ಇತ್ತು. ಕ್ಷಮಿಸು ಎಂದೂ ಬರೆಯುವುದಿಲ್ಲ. ಅದನ್ನು ಬರೆದರೆ ನೀನು ಏನಾದರೂ ಕೊಡಬೇಕಾಗುತ್ತದೆ. ನಿನ್ನಿಂದ ಆಗಲೇ ಸಾಕಷ್ಟು ತೆಗೆದುಕೊಂಡಿದ್ದೇನೆ.

ಈಗ ಜೆರಾಕ್ಸ್ ಓದುವುದೂ ಬಿಡುವುದೂ ನಿನ್ನಿಷ್ಟ.

ವತ್ಸಲಾ


ಪಾಂಡಿಚೇರಿ
೬ ನವೆಂಬರ್ ೨೦೦೬

ವತ್ಸಲಾ,

ಬರೆದವನ ಹಸ್ತಾಕ್ಷರ ಕೆಟ್ಟದು, ಕಣ್ಣು ಒಳ್ಳೆಯದು. ಪೂರ್ತಿ ಅನುವಾದ ಬೇರೆ ಹಾಳೆಗಳಲ್ಲಿದೆ. ಸಾರಾಂಶ ಇಲ್ಲಿ.

ಕೆರ್ ಎಂದರೆ ಆ ಸೀಮೆಯ ಭಾಷೆಯಲ್ಲಿ ಮನೆ, ಊರು. ನಮ್ಮ ಕೇರಿಯಂತೆ ಕೇಳಿಸುತ್ತದೆ, ಸಂಬಂಧವೇನೂ ಇಲ್ಲ. ಕಟ್ಟಿಸಿದವನು ಒಬ್ಬ ಸಣ್ಣ ಒಡೆಯ. ನೂರು ವರ್ಷದ ಯುದ್ಧಗಳೆಲ್ಲ ಮುಗಿದು ಕೈಯಲ್ಲಿ ಸ್ವಲ್ಪ ಕಾಸಾಡುತ್ತಿದ್ದ ಕಾಲ, ೧೪೭೦ರ ಸುಮಾರು. ಕೋಟೆ ಕಟ್ಟುವಷ್ಟು ತಾಕತ್ತಿಲ್ಲ, ರೈತರ ಮನೆಯಲ್ಲಿರಲು ಮನಸ್ಸಿಲ್ಲ. ಹಾಗಾಗಿ ಅಂಗಳದ ಗೋಡೆಗೆ ಗಾಡಿಗೊಂದು, ನಡೆದು ಬರುವವರಿಗೊಂದು ಎಂದು ಎರಡು ಬಾಗಿಲು. ಮುಂಭಾಗಕ್ಕೆ ಅಂಟಿದ ಮೆಟ್ಟಿಲಿನ ಗೋಪುರ. ಗೋಪುರದಲ್ಲಿ ಬಂದೂಕು ಇಡುವ ಕಿಂಡಿ. ಅದರಿಂದ ಯಾರನ್ನೂ ಹೊಡೆಯಲಾಗದು, ಎದುರಿಗೇ ಗೋಡೆಯಿದೆ ಎಂದು ವರದಿಗಾರ ಬರೆಯುತ್ತಾನೆ. ಕಿಂಡಿ ಇದ್ದದ್ದು ದರ್ಪಕ್ಕೆ. ಒಂದು ಪಾರಿವಾಳದ ಗೋಪುರವೂ ಇತ್ತು. ಪಾರಿವಾಳ ಸಾಕುವ ಹಕ್ಕು ಒಡೆಯರಿಗೆ ಮಾತ್ರ. ಅವು ತಿನ್ನುತ್ತಿದ್ದದ್ದು ರೈತರ ಕಾಳು.

ಈಗ ನಿನ್ನ ಮಹಡಿ. ನೀನು ಹೇಳಿದ್ದು ಸರಿ. ಪಡಸಾಲೆ ನೆಲದಿಂದ ಛಾವಣಿಯವರೆಗೆ ಒಂದೇ ತೆರವಾಗಿತ್ತು. ಒಡೆಯ ಅಲ್ಲಿ ಕೂತು ನ್ಯಾಯ ಹೇಳುತ್ತಿದ್ದ, ಗೇಣಿ ತೆಗೆದುಕೊಳ್ಳುತ್ತಿದ್ದ, ಎಲ್ಲರ ಜೊತೆ ಉಣ್ಣುತ್ತಿದ್ದ. ತಲೆಯೆತ್ತಿದರೆ ಛಾವಣಿಯ ತೊಲೆಗಳು. ತೊಲೆಗಳ ಎರಡು ತುದಿಗೂ ಬಾಯ್ದೆರೆದು ಮರವನ್ನು ನುಂಗುವ ಪ್ರಾಣಿಯ ಮುಖ ಕೆತ್ತಿದ್ದಾರೆ, ನಮ್ಮ ದೇವಸ್ಥಾನದ ಮಕರಗಳ ಹಾಗೆ. ಮೇಲಿನ ಕೋಣೆಗೂ ಹಲಗೆಯ ಮುಚ್ಚಿಗೆ ಹಾಕಿದ್ದರಿಂದ ಈಗ ಅವು ಇರುವುದು ಕತ್ತಲೆಯ ಅಟ್ಟದಲ್ಲಿ. ಇಲಿಗಳಿಗೆ ಕಾಣಲೆಂದು ಯಾರೂ ಕೆತ್ತುವುದಿಲ್ಲ.

ಇನ್ನೊಂದು ಗುರುತು. ಛಾವಣಿಯ ಒಂದೊಂದು ಮರದ ಮೇಲೂ ಬಡಗಿಗಳು ಉಳಿಯಿಂದ ಒಂದು, ಎರಡು, ಮೂರು ಎಂದು ಹನ್ನೊಂದರವರೆಗೆ ಗೀರು ಹಾಕಿದ್ದಾರೆ, ಕೆಳಗೆ ಜೋಡಿಸಿ ನೋಡಿ ಬಿಚ್ಚಿ ಮೇಲೆ ಏರಿಸಲು. ನಡುವಿನ ಮಹಡಿಯ ತೊಲೆಗಳಲ್ಲಿ ಅಂಥ ಗೀರು ಒಂದೂ ಇಲ್ಲ. ಅವನ್ನು ಗೋಡೆ ಒಡೆದು ತುರುಕಿದ್ದಾರೆ. ಯಾವಾಗ ಎಂಬುದಕ್ಕೆ ದಸ್ತಾವೇಜು ಇದೆ: ೧೬೪೪ರಲ್ಲಿ ಅಣ್ಣತಮ್ಮಂದಿರು ಪಾಲಾದರು. ಅಣ್ಣನಿಗೆ ಕೆಳಗು, ತಮ್ಮನಿಗೆ ಮೇಲು. ಆಮೇಲೆ ಬಾಗಿಲು ಕಿಟಕಿಗಳ ಮೇಲೆ ತೆರಿಗೆ ಬಂದಾಗ ಹಿಂಬದಿಯ ನಾಲ್ಕು ಕಿಟಕಿಗಳಿಗೆ ಇಟ್ಟಿಗೆ ತುಂಬಿದರು.

ಇಷ್ಟು. ನೀನು ಕೇಳಿದ್ದಕ್ಕಾಗಿ ಮಾಡಲಿಲ್ಲ. ಇಪ್ಪತ್ತೆರಡು ಪುಟವನ್ನು ಒಬ್ಬ ಮನುಷ್ಯ ಇಷ್ಟು ನಿಯತ್ತಾಗಿ ಬರೆದಿರುವಾಗ ಓದದೆ ಬಿಡಲಾಗಲಿಲ್ಲ.

ಬರ್ನಡೆಟ್


ದೋಹಾ
೨೩ ನವೆಂಬರ್ ೨೦೦೬

ಬರ್ನಡೆಟ್,

ನಿನ್ನ ಹಾಳೆಗಳು ಬಂದ ದಿನವೇ ಧನಂಜಯ ಅವರ ಕೋಣೆಗೆ ಹೋದೆ. ಏಷ್ಯನ್ ಗೇಮ್ಸ್ ಹತ್ತಿರ ಬಂದು ಊರಿನ ಅರ್ಧ ರಸ್ತೆ ಮುಚ್ಚಿದೆ, ಎಲ್ಲರ ತಲೆಯೂ ಬಿಸಿ. ಆದರೂ ಕೂತು ಓದಿದರು. ಓದುವಾಗ ಮುಖ ನೋಡುತ್ತಿದ್ದೆ. ಅರ್ಥವಾಯಿತು ಎಂದು ನನಗೆ ಗೊತ್ತಾಯಿತು.

"ನಿಮ್ಮನ್ನ ಕೇಳಿದ್ದು ಡ್ರಾಯಿಂಗು ಮೇಡಂ. ಥೀಸಿಸ್ ಅಲ್ಲ" ಎಂದರು.

"ತಲೆಬರಹ ತಪ್ಪಿದೆ ಸರ್. ಮೂಲ ರೂಪ ಅಂತ ಹಾಕಿದ್ದೀವಿ. ಮೂಲದಲ್ಲಿ ಆ ಮಹಡಿ ಇರಲಿಲ್ಲ."

"ಹಜ್ಜಿಯಾಗೆ ಆಗಲೇ ಹೇಳಾಗಿದೆ, ಎಲ್ಲ ಒರಿಜಿನಲ್ ಅಂತ. ಪುಸ್ತಕದಲ್ಲಿ ನನ್ನ ಹೆಸರಿರತ್ತೆ. ಈಗ ಹೋಗಿ ತಪ್ಪಾಯ್ತು ಅಂತ ಹೇಳ್ಲಾ? ಐನೂರು ವರ್ಷದ ಹಿಂದೆ ಏನಿತ್ತು ಅಂತ ಈ ಮರಳಲ್ಲಿ ನಿಂತು ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೀನಲ್ಲ ಸರ್."

ಪುಸ್ತಕಕ್ಕೆ ಟಿಪ್ಪಣಿ ಬರೆಯುವ ಕೆಲಸ ನನಗೇ ಬಂದಿತ್ತು. ಮಹಡಿ ಮೂಲದ್ದೇ, ವರದಿಯೂ ಹಾಗೇ ಹೇಳುತ್ತದೆ ಎಂದು ಬರೆಯಬೇಕಂತೆ. ಆಗುವುದಿಲ್ಲ ಎಂದೆ. ಆಗ ಬಾಗಿಲು ಮುಚ್ಚಿಸಿ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದರು:

"ಬೊಂಬಾಯಿಗೆ ನೀವು ತಂದಿದ್ರಲ್ಲ, ಹನ್ನೊಂದು ಶೀಟು. ಅದು ಯಾರ ಕೈ ಅಂತ ನನಗೆ ಆಗಲೇ ಗೊತ್ತಿತ್ತು. ಮೈಸೂರಿಂದ ಒಂದು ಫೋನ್ ಬಂದಿತ್ತು. ನಾನು ಸುಮ್ನಿದ್ದೆ. ಹನ್ನೆರಡು ವರ್ಷ ಸುಮ್ನಿದ್ದೀನಿ. ಈಗ ನಿಮ್ಮ ಸರದಿ."

ನನಗೆ ಇಲ್ಲಿ ಬೇರೆ ಆಫೀಸು ಸೇರಬೇಕಾದರೆ ಇವರ ಒಪ್ಪಿಗೆ ಪತ್ರ ಬೇಕು. ದೇಶ ಬಿಡಬೇಕಾದರೂ ಇವರ ಸಹಿ ಬೇಕು. ಅದನ್ನೂ ನೆನಪಿಸಿದರು.

ಆಫೀಸಿನ ಕೆಳಗಿನ ಕೆಫೆಟೇರಿಯಾದಲ್ಲಿ ಒಂದು ಚಹಾ ಮುಂದಿಟ್ಟುಕೊಂಡು ಅದು ತಣ್ಣಗಾಗುವವರೆಗೆ ಕೂತಿದ್ದೆ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ. ಈ ಮನುಷ್ಯ ಹನ್ನೆರಡು ವರ್ಷ ನನ್ನ ಕಳ್ಳತನವನ್ನು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾನೆ, ಬೇಕಾದಾಗ ತೆಗೆಯಲು. ಅದನ್ನು ನಾನೇ ಹೊರಗೆ ತೆಗೆದರೆ ಅವನ ಕೈಯಲ್ಲಿ ಏನು ಉಳಿಯುತ್ತದೆ?

ಆದರೆ ಅದು ನನ್ನದೊಂದೇ ವಿಷಯವಲ್ಲ. ನಿನ್ನ ಹೆಸರು ಬರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

ವತ್ಸಲಾ


ಪಾಂಡಿಚೇರಿ
೪ ಡಿಸೆಂಬರ್ ೨೦೦೬

ವತ್ಸಲಾ,

ಆ ಹಾಳೆಗಳು ನನ್ನವು ಎಂಬುದನ್ನು ಬೆದರಿಕೆಗೆ ಬಳಸುವ ಹಕ್ಕು ಅವನಿಗಿಲ್ಲ. ಅದು ನನ್ನ ಕೆಲಸ, ಅವನ ಬಡಿಗೆಯಲ್ಲ.

ಹೇಳು. ಹೇಳುವುದಾದರೆ ಹೆಸರು ಪೂರ್ತಿ ಹೇಳು, ಬರಿಯ 'ಒಬ್ಬ ಗೆಳತಿ' ಎನ್ನಬೇಡ. ಅಳುವುದಿದ್ದರೆ ಹೇಳಲೇ ಬೇಡ.

ಬರ್ನಡೆಟ್


ದೋಹಾ
೨೧ ಡಿಸೆಂಬರ್ ೨೦೦೬

ಬರ್ನಡೆಟ್,

ಗೇಮ್ಸ್ ಮುಗಿದ ವಾರ ಹಜ್ಜಿಯಾ ಆಫೀಸಿಗೆ ಬಂದರು. ಗಾಲಿಕುರ್ಚಿ, ಜೊತೆಗೆ ಮಗ. ಅರಬ್ಬಿ ಮಾತಿಗೆ ನಮ್ಮ ಹಸೈನಾರ್ ಇದ್ದರು. ಬಂಟ್ವಾಳದ ಕಡೆಯವರು, ಇಪ್ಪತ್ತೈದು ವರ್ಷದಿಂದ ಆಫೀಸಿನ ಕಾಗದಪತ್ರಗಳಿಗೆ ಸರ್ಕಾರಿ ಕಚೇರಿ ಅಲೆಯುವವರು. ನಾನು ಮೂಲೆಯಲ್ಲಿ ಹಾಳೆ ತಿರುಗಿಸಲು ನಿಂತಿದ್ದೆ.

ಧನಂಜಯ ಅವರು ಚೆನ್ನಾಗಿ ಮಾತಾಡಿದರು. ಮಹಡಿಯ ನಕ್ಷೆ ಬಂದಾಗ "ಎಲ್ಲವೂ ೧೪೭೦ರದ್ದು" ಎಂದರು. ಹಸೈನಾರ್ ಅದನ್ನು ಅರಬ್ಬಿಯಲ್ಲಿ ಹೇಳಲು ಬಾಯಿ ತೆರೆದರು.

"ಹಸೈನಾರ್, ಸ್ವಲ್ಪ ನಿಲ್ಲಿ. ಅದು ಸರಿಯಲ್ಲ ಅಂತ ಹೇಳಿ" ಎಂದೆ.

ಅವರು ನನ್ನನ್ನೂ ಧನಂಜಯ ಅವರನ್ನೂ ನೋಡಿದರು. "ಅಕ್ಕಾ, ಹೇಳಿದ್ಮೇಲೆ ವಾಪಸ್ ತಗೊಳ್ಲಿಕ್ಕೆ ಆಗುದಿಲ್ಲ" ಎಂದು ಕನ್ನಡದಲ್ಲೇ ಮೆಲ್ಲಗೆ ಹೇಳಿದರು.

"ಗೊತ್ತು. ಹೇಳಿ."

ಹೇಳಿದರು. ನಾನು ಮೇಜಿನ ಹತ್ತಿರ ಹೋಗಿ ಒಂದೊಂದಾಗಿ ತೋರಿಸಿದೆ. ಸೀಳಿದ ಕಿಟಕಿ, ತಪ್ಪಿದ ಮೆಟ್ಟಿಲು, ಬಡಗಿಗಳ ಗೀರು, ಅಟ್ಟದ ಮಕರಗಳು, ಅಣ್ಣತಮ್ಮಂದಿರ ಪಾಲು. ಧನಂಜಯ ಅವರು ಇಂಗ್ಲಿಷಿನಲ್ಲಿ ಮಗನಿಗೆ ಹೇಳಿದರು, ಇವಳು ಬರೀ ಡ್ರಾಫ್ಟ್ಸ್‌ಮನ್, ಬೇರೆಯವರ ನಕ್ಷೆ ಕದ್ದು ತೋರಿಸಿ ಕೆಲಸಕ್ಕೆ ಸೇರಿದವಳು, ಇವಳ ಮಾತು ನಂಬಬೇಡಿ ಎಂದು. ನಾನು ಹೇಳುವ ಮೊದಲೇ ಹೇಳಿಬಿಟ್ಟರು.

ಹಜ್ಜಿಯಾ ಏನೆಂದು ಕೇಳಿದರು. ಹಸೈನಾರ್ ನನ್ನ ಕಡೆ ತಿರುಗಿದರು. "ಇದನ್ನೂ ಹೇಳಿ" ಎಂದೆ. "ನಿಜ. ಹನ್ನೊಂದು ಹಾಳೆ ಕದ್ದಿದ್ದೇನೆ. ಅದನ್ನು ಬರೆದವಳು ಬರ್ನಡೆಟ್ ಮೊಂತೇರೊ. ಈ ಫ್ರೆಂಚ್ ವರದಿ ಓದಿಕೊಟ್ಟವಳೂ ಅವಳೇ. ನಾನು ಕಳ್ಳಿ. ಆದರೂ ಮಹಡಿ ಆಮೇಲೆ ಹಾಕಿದ್ದೇ."

ಅತ್ತಿಲ್ಲ. ದನಿ ಸ್ವಲ್ಪ ಜೋರಾಗಿತ್ತು.

ಮುದುಕಿ ಮೇಲಿನ ಕೋಣೆಯ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. ನೆಲದಿಂದ ಎದ್ದ ಹೊಗೆಗೂಡಿನ ಮೇಲೆ ಬೆರಳಿಟ್ಟು ಏನೋ ಹೇಳಿ ನಕ್ಕರು. ಹಸೈನಾರ್ ಕನ್ನಡಕ್ಕೆ ತಂದರು: "ಹದಿನೆಂಟು ಬೇಸಿಗೆ ಈ ರೂಮಲ್ಲೇ ಮಲಗಿದ್ದಂತೆ. ಮಂಚದ ಹತ್ರ ಈ ಕಲ್ಲು. ಯಾರದ್ದೋ ಗೋರಿ ಅಂತ ಹೆದರ್ತಿದ್ರಂತೆ. ಗಂಡನಿಗೆ ಹೇಳಿರ್ಲಿಲ್ಲಂತೆ, ಮನೆ ಮಾರಿಬಿಡ್ತಾರೆ ಅಂತ."

ಆಮೇಲೆ ನಗದೆ ಇನ್ನೊಂದು ಮಾತು ಹೇಳಿದರು. ಕೋಣೆ ಇರಬೇಕು. ಅದು ಅವರ ಕೋಣೆ, ಗಂಡ ಇದ್ದ ಕೋಣೆ. ಮಹಡಿ ಹಾಗೆಯೇ ಕಟ್ಟಬೇಕು. ಆದರೆ ಆಮೇಲೆ ಹಾಕಿದ್ದು ಎಂದು ಪುಸ್ತಕದಲ್ಲಿ ಬರೆಯಬೇಕು, ಓದಿಕೊಟ್ಟವಳ ಹೆಸರೂ ಇರಬೇಕು. ಮಗ ಅದನ್ನೆಲ್ಲ ಬರೆದುಕೊಂಡ.

ನಾನು ಅಷ್ಟೆಲ್ಲ ಜಗಳವಾಡಿದ ತೆರೆದ ಪಡಸಾಲೆ ಕಟ್ಟುವುದಿಲ್ಲ. ಮೊದಲು ಬೇಸರವಾಯಿತು. ಆಮೇಲೆ ಇಲ್ಲ. ಆ ತಮ್ಮನ ಪಾಲಿನ ಮಹಡಿಯೂ ಮುನ್ನೂರ ಅರವತ್ತು ವರ್ಷ ಜನ ಮಲಗಿ ಎದ್ದ ಜಾಗವೇ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು.

ಅವರು ಹೋದ ಮೇಲೆ ಧನಂಜಯ ಅವರು "ಖಲಾಸ್" ಎಂದರು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ.

ವತ್ಸಲಾ


ಪಾಂಡಿಚೇರಿ
೮ ಜನವರಿ ೨೦೦೭

ವತ್ಸಲಾ,

ಪತ್ರವನ್ನು ಎರಡು ಸಲ ಓದಿದೆ. ನೀನು ಒಂದು ಸಾಲು ಬರೆದ ಮೇಲೆ ನಾನೂ ಒಂದು ಬರೆಯಬೇಕು.

ಮೈಸೂರಿನಿಂದ ಫೋನ್ ಮಾಡಿದವಳು ನಾನೇ. ನೀನು ಬೊಂಬಾಯಿಯಿಂದ ಬಂದು ತಿರುಗಿ ಇಟ್ಟ ಹಾಳೆಗಳನ್ನು ಬೆಳಕಿಗೆ ಹಿಡಿದಾಗ ಕೆರೆದ ಜಾಗ ಕಂಡಿತು. ಅಂಚೆ ಕಚೇರಿಯ ಎದುರಿನ ಬೂತಿನಿಂದ ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿದೆ. ನಿಮ್ಮ ಆ ಧನಂಜಯ ಪೂರ್ತಿ ಕೇಳಿಸಿಕೊಂಡು "ಥ್ಯಾಂಕ್ಯೂ" ಎಂದ. ನಿನ್ನನ್ನು ಓಡಿಸುತ್ತಾನೆ ಎಂದುಕೊಂಡೆ. ಹದಿನೈದು ದಿನಕ್ಕೆ, ಎಲ್ಲ ಗೊತ್ತಿದ್ದ ನನ್ನ ಎದುರೇ ದೋಸೆ ತಿಂದು, ನೀನು ವಿಮಾನ ಹತ್ತಿದೆ. ನಿನ್ನ ಮೇಲಿದ್ದಷ್ಟೇ ಸಿಟ್ಟು ಆ ಥ್ಯಾಂಕ್ಯೂ ಮೇಲಿತ್ತು. ನಿನಗೆ ಹೇಳದೆ ನಿನ್ನ ಕೆಲಸ ಕೆಡಿಸಲು ನೋಡಿದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ತಪ್ಪು ಮಾಡಿದೆ ಎಂದು ಅನ್ನಿಸುತ್ತಿಲ್ಲ. ಗೊತ್ತಿರಲಿ ಎಂದು ಬರೆದೆ.

ಇಲ್ಲಿ ಕಡಲ ಬೀದಿಯಲ್ಲಿ ಒಂದು ದೊಡ್ಡ ಮನೆ ಬೀಳುವ ಹಾಗಿದೆ. ಮಳೆಗಾಲದೊಳಗೆ ಅಳೆದು ನಕ್ಷೆ ಮಾಡಬೇಕು. ನನ್ನ ಬಲಮಂಡಿ ಹೋಗಿದೆ, ಏಣಿ ಹತ್ತಲಾರೆ. ಇಲ್ಲಿನ ಮಕ್ಕಳಿಗೆ ಕಂಪ್ಯೂಟರ್ ಬರುತ್ತದೆ, ಮರ ನೋಡಲು ಬರುವುದಿಲ್ಲ. ಸಂಬಳ ದೋಹಾದ ಲೆಕ್ಕಕ್ಕೆ ಏನೂ ಅಲ್ಲ. ಬಂದರೆ ಬಾ. ನಿನ್ನ ಮೇಲೆ ಕನಿಕರದಿಂದ ಕರೆಯುತ್ತಿಲ್ಲ.

ಬರ್ನಡೆಟ್


ನಜ್ಮಾ, ದೋಹಾ
೨೫ ಫೆಬ್ರವರಿ ೨೦೦೭

ಬರ್ನಿ,

ವಿಳಾಸ ಬದಲಾದದ್ದು ನೋಡಿರುತ್ತೀಯೆ. ಅಲ್ ಸದ್ದ್‌ನ ಫ್ಲಾಟು ಕಂಪನಿಯದು, ಖಾಲಿ ಮಾಡಿಸಿದರು. ಹಸೈನಾರ್ ಅವರ ಪರಿಚಯದ ಆಯಿಷಮ್ಮ ಎಂಬುವರು ಇಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಜಾಗ ಕೊಟ್ಟಿದ್ದಾರೆ. ಹೊಲಿಗೆ ಯಂತ್ರದ ಸದ್ದಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ತಡವಾಗಿ ಉತ್ತರಿಸಿದ್ದಕ್ಕೆ ಕಾರಣವಿದೆ. ಹೊರಡುವ ಸಹಿ ಕೊಡುತ್ತೇವೆ, ಕೆಲಸ ಮಾಡಿದ ಸರ್ಟಿಫಿಕೇಟು ಕೊಡುವುದಿಲ್ಲ ಎಂದರು. ಮೋಸದಿಂದ ಸೇರಿದವಳಿಗೆ ಯಾವ ಸರ್ಟಿಫಿಕೇಟು ಎಂದು ಧನಂಜಯ ಅವರ ಮಾತು. ಬಿಟ್ಟು ಬಾ ಎಂದು ಎಲ್ಲರೂ ಹೇಳಿದರು. ಬಿಡಲಿಲ್ಲ. ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೆ. ಹಸೈನಾರ್ ತಮ್ಮ ಕೆಲಸ ಹೋದರೂ ಹೋಗಲಿ ಎಂದು ಅರಬ್ಬಿಯಲ್ಲಿ ಬರೆದುಕೊಟ್ಟರು. ಮೂರು ಸಲ ಹೋದೆ. ಮೂರನೆಯ ಸಲ ಕೌಂಟರಿನ ಅಧಿಕಾರಿ ಕೇಳಿದ, ಕದ್ದು ಸೇರಿದ್ದು ಹೌದಾ ಎಂದು. ಹೌದು ಎಂದೆ. ಹಾಗಿದ್ದರೆ ಯಾವ ಮುಖದಿಂದ ಕೇಳುತ್ತೀಯೆ ಎಂದ.

"ಒಳಗೆ ಬಂದದ್ದು ಹನ್ನೊಂದು ಹಾಳೆ ಕದ್ದು. ಆಮೇಲೆ ಹನ್ನೆರಡು ವರ್ಷ ಗೀಚಿದ್ದು ನನ್ನ ಕೈ. ಆ ಹನ್ನೆರಡು ವರ್ಷ ಯಾರದ್ದೂ ಕದ್ದದ್ದಲ್ಲ. ಅದಕ್ಕೆ ಕಾಗದ ಕೊಡಿ" ಎಂದೆ. ಹಸೈನಾರ್ ಹೇಳಿದರು. ಅವನು ಕಂಪನಿಗೆ ಫೋನ್ ಹಚ್ಚಿದ.

ಮೊನ್ನೆ ಸಂಜೆ ಸರ್ಟಿಫಿಕೇಟು ಬಂತು. ಒಂದೇ ಸಾಲು, ಹೆಸರು, ಹುದ್ದೆ, ವರ್ಷಗಳು. ಹೊಗಳಿಕೆ ಇಲ್ಲ. ಬೇಕಾಗಿಯೂ ಇರಲಿಲ್ಲ.

ನೀನು ಫೋನ್ ಮಾಡಿದ್ದು ಸರಿಯಾಗಿಯೇ ಇತ್ತು. ನಾನಾಗಿದ್ದರೆ ಎರಡು ಸಲ ಮಾಡುತ್ತಿದ್ದೆ.

ಮಾರ್ಚ್ ಆರಕ್ಕೆ ಚೆನ್ನೈಗೆ ಟಿಕೆಟ್ ಆಗಿದೆ. ಅಲ್ಲಿಂದ ಬಸ್ಸು ಹಿಡಿಯುತ್ತೇನೆ, ಕರೆದುಕೊಂಡು ಹೋಗಲು ಬರಬೇಡ. ನಿನ್ನ ಕೈಕೆಳಗೆ ದುಡಿಯುತ್ತೇನೆ, ಆದರೆ ತಪ್ಪು ಕಂಡರೆ ನಿನಗೂ ಹೇಳುತ್ತೇನೆ. ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಈಗಲೇ ತಂತಿ ಕೊಡು.

ಆ ಮನೆಯ ಛಾವಣಿಗೆ ಎಷ್ಟು ಅಡಿಯ ಏಣಿ ಬೇಕು, ನೋಡಿಟ್ಟಿರು.

ವತ್ಸಲಾ